ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸಬೇಡಿ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 8 ವರ್ಷ. ಸಂಕ್ರಾಂತಿ ಹತ್ತಿರ ಬಂತೆಂದರೆ ಬೆಳಿಗ್ಗೆ ಎದ್ದಾಗ ಮೂಗಿನಲ್ಲಿ ರಕ್ತ, ದಿಂಬಿನ ಕವರೆಲ್ಲ ಕಲೆ. ಉಷ್ಣ ಜಾಸ್ತಿ ಅಂತ ನಮ್ಮತ್ತೆ ತಲೆ ಹಿಂದಕ್ಕೆ ವಾಲಿಸಿ, ನೆತ್ತಿಗೆ ತಣ್ಣೀರು ತಟ್ಟಿ, ಈರುಳ್ಳಿ ಮೂಸಿಸುತ್ತಾರೆ. ಮೆದುಳಿನಲ್ಲೇನಾದರೂ ತೊಂದರೆಯಾ ಅಂತ ನನಗೆ ಭಯ.
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಭಯ ಬೇಡಮ್ಮ. ಮಕ್ಕಳಿಗೆ ಹೀಗೆ ಬರುವ ರಕ್ತ ಬಹುಪಾಲು ಮೂಗಿನ ಮುಂಭಾಗದ್ದೇ. ಎರಡು ಹೊಳ್ಳೆಗಳ ನಡುವೆ ಗೋಡೆ ಇದೆಯಲ್ಲ, ಅದರ ಮುಂದಿನ ಭಾಗದಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಬಂದು ಸೇರುತ್ತವೆ, ಲಿಟಲ್ಸ್ ಏರಿಯಾ ಅಂತೀವಿ. ಚಳಿಗಾಲದ ಒಣಗಾಳಿ, ನಮ್ಮ ಬೆಂಗಳೂರಿನ ಧೂಳು ಎರಡೂ ಸೇರಿ ಅಲ್ಲಿನ ಪೊರೆ ಒಣಗಿ ಬಿರಿಯುತ್ತದೆ, ಹಕ್ಕಳೆ ಕಟ್ಟುತ್ತದೆ, ಹುಡುಗ ನಿದ್ದೆಗಣ್ಣಲ್ಲಿ ಬೆರಳು ಹಾಕಿ ಕೀಳುತ್ತಾನೆ. ಅಷ್ಟು ಸಾಕು.

ತಲೆ ಹಿಂದಕ್ಕೆ ವಾಲಿಸಿದರೆ ರಕ್ತ ನಿಲ್ಲುವುದಿಲ್ಲ, ಗಂಟಲಿಗೆ ಇಳಿಯುತ್ತದೆ. ಹೊಟ್ಟೆಗೆ ಹೋಗಿ ಆಮೇಲೆ ವಾಂತಿಯಲ್ಲಿ ಬಂದರೆ ಮನೆಮಂದಿಗೆಲ್ಲ ಗಾಬರಿ. ಮಗುವನ್ನು ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಮೂಗಿನ ಎಲುಬನ್ನಲ್ಲ, ಕೆಳಗಿನ ಮೆತ್ತನೆ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿಯಿರಿ. ಬಾಯಲ್ಲಿ ಉಸಿರಾಡಲಿ, ರಕ್ತ ಬಾಯಿಗೆ ಬಂದರೆ ಉಗಿಯಲಿ. ಗಡಿಯಾರ ನೋಡಿ 10 ನಿಮಿಷ ಬಿಡಲೇಬೇಡಿ. ನಿಂತಿತಾ ಅಂತ ನಡುನಡುವೆ ಬಿಟ್ಟು ನೋಡುವವರೇ ಜಾಸ್ತಿ, ಹಾಗೆ ಮಾಡಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತು ಮತ್ತೆ ಮೊದಲಿಂದ ಶುರು. ಅತ್ತೆಯವರಿಗೆ ಬೇಸರ ಮಾಡಬೇಡಿ, ಮೂಗಿನ ಬುಡಕ್ಕೆ ತಣ್ಣೀರು ಬಟ್ಟೆ ಇಡುವ ಕೆಲಸ ಅವರಿಗೇ ಕೊಡಿ.

ರಾತ್ರಿ ಮಲಗುವಾಗ ಹೊಳ್ಳೆಯ ಒಳಗೆ ತೆಳ್ಳಗೆ ವ್ಯಾಸಲೀನ್ ಸವರಿ. ಉಗುರು ಕತ್ತರಿಸಿ. 20 ನಿಮಿಷವಾದರೂ ರಕ್ತ ನಿಲ್ಲದಿದ್ದರೆ, ಅಥವಾ ತಲೆಗೆ ಪೆಟ್ಟು ಬಿದ್ದ ಮೇಲೆ ಬಂದರೆ ಸೀದಾ ಆಸ್ಪತ್ರೆಗೆ ಹೋಗಿ. ಮೈಮೇಲೆ ಸುಮ್ನೆ ನೀಲಿ ಕಲೆಗಳು ಬೀಳುತ್ತಿದ್ದರೆ, ವಸಡಿನಲ್ಲೂ ರಕ್ತ ಬರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಪ್ರಶ್ನೆ: ಎರಡು ವರ್ಷದಿಂದ ಸೈನಸ್. ಮೆಡಿಕಲ್ ಶಾಪಿನಿಂದ ತಂದ ಡ್ರಾಪ್ಸ್ ಹಾಕಿದರಷ್ಟೇ ನಿದ್ದೆ. ಪರವಾಗಿಲ್ವಾ?
– ಓದುಗರೊಬ್ಬರು, ಯಲಹಂಕ

ಉತ್ತರ: ಬಾಟಲಿ ಮೇಲೆ ಆಕ್ಸಿಮೆಟಾಜೋಲಿನ್ ಅಥವಾ ಜೈಲೋಮೆಟಾಜೋಲಿನ್ ಅಂತ ಇದೆಯಾ ನೋಡಿ. ಇದ್ದರೆ ಈಗ ನಿಮ್ಮ ಮೂಗು ಕಟ್ಟಲು ಆ ಡ್ರಾಪ್ಸೇ ಕಾರಣ ಇರಬಹುದು. 5 ದಿನಕ್ಕಿಂತ ಜಾಸ್ತಿ ಹಾಕಿದರೆ, ಔಷಧಿ ಇಳಿದ ಕೂಡಲೇ ಒಳಗಿನ ಊತ ಮತ್ತೆ ಏರುತ್ತದೆ. 12 ವಾರ ದಾಟಿದ ಸೈನಸ್‌ಗೆ ಕಾರಣ ಹುಡುಕಲೇಬೇಕು, ಒಳಗೆ ಪಾಲಿಪ್, ಅಂದರೆ ಮೆತ್ತನೆ ಗಂಟಿನಂಥ ಬೆಳವಣಿಗೆ ಇರಬಹುದು, ಅಲರ್ಜಿಯೂ ಇರಬಹುದು. ಇಎನ್‌ಟಿ ಡಾಕ್ಟರ ಹತ್ತಿರ ಎಂಡೋಸ್ಕೋಪಿ ಮಾಡಿಸಿ, ಅಂದರೆ ಸಣ್ಣ ಕ್ಯಾಮೆರಾ ಕೊಳವೆಯಲ್ಲಿ ಮೂಗಿನ ಒಳಗೆ ನೋಡುವ ಪರೀಕ್ಷೆ. ಹೋಗುವಾಗ ಆ ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗಿ.