ತಮ್ಮನ ಮೈ ಸುಲಿದಿದ್ದು ವಂಶದ ಕಾಯಿಲೆನಾ? ಹುಡುಗನ ಮನೆಯವ್ರಿಗೆ ಹೇಳ್ಬೇಕಾ?

ಪ್ರಶ್ನೆ: ನಂಗೆ 27 ವರ್ಷ, ದಾವಣಗೆರೆ ಕಡೆಯವಳು, ಬೆಂಗಳೂರಲ್ಲಿ ಕೆಲಸ. ಎರಡು ವರ್ಷದ ಹಿಂದೆ ತಮ್ಮನಿಗೆ ಫಿಟ್ಸ್ ಬಂತು ಅಂತ ಕಾರ್ಬಮಜೆಪೀನ್ ಮಾತ್ರೆ ಶುರು ಮಾಡಿದ್ರು. ಎರಡನೇ ವಾರಕ್ಕೆ ಜ್ವರ, ಕಣ್ಣುರಿ, ಬಾಯಿ ತುಂಬಾ ಹುಣ್ಣು, ಆಮೇಲೆ ಬೆನ್ನಿನ ಚರ್ಮ ಬೆಡ್‌ಶೀಟಿಗೇ ಅಂಟ್ಕೊಂಡು ಬಂತು. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅಂದ್ರು. ಹೇಗೋ ಬದುಕಿದ, ಈಗ ಬೇರೆ ಮಾತ್ರೆಲಿ ಫಿಟ್ಸ್ ಕಂಟ್ರೋಲಲ್ಲಿದೆ, ಆದ್ರೆ ಎದೆ ಕತ್ತೆಲ್ಲಾ ಕಪ್ಪು ಕಲೆ, ಕಣ್ಣು ಒಣಗುತ್ತೆ ಅಂತ ಡ್ರಾಪ್ಸ್ ಹಾಕ್ತಾನೇ ಇರ್ಬೇಕು. ಡಾಕ್ಟ್ರು ಆಗ "ಇದಕ್ಕೆ ಜೀನ್ ಕೂಡ ಕಾರಣ ಇರಬಹುದು" ಅಂದಿದ್ರು, ಅದೊಂದೇ ಮಾತು ಅಮ್ಮನ ತಲೇಲಿ ಕೂತಿದೆ. ನೆಂಟ್ರು ನಾಗದೋಷ ಅಂದ್ರು, ಕುಕ್ಕೆಗೂ ಹೋಗಿ ಬಂದ್ವಿ. ಈಗ ನಂಗೆ ಗಂಡು ಗೊತ್ತಾಗಿದೆ. ಅವ್ರು ಮನೆಗೆ ಬರೋ ದಿನ ತಮ್ಮನ್ನ ಮಾವನ ಮನೆಗೆ ಕಳ್ಸಿಬಿಡೋಣ, ವಂಶದ ಕಾಯಿಲೆ ಅಂತ ಗೊತ್ತಾದ್ರೆ ಸಂಬಂಧ ಮುರಿಯುತ್ತೆ ಅಂತಾರೆ ಅಮ್ಮ. ಮಾತ್ರೆ ಅಂದ್ರೇ ಭಯ ಅಂತ ಅವ್ರ ಬಿಪಿ ಮಾತ್ರೆನೂ ಬಿಟ್ಟಿದಾರೆ. ನಂಗೂ ಆ ಜೀನ್ ಇರುತ್ತಾ? ಹುಡುಗನಿಗೆ ಹೇಳ್ಲಾ ಬೇಡ್ವಾ?

ಉತ್ತರ: ಹೇಳಿ. ಆದ್ರೆ ಏನೋ ಕಳಂಕ ಒಪ್ಪಿಸೋ ಥರ ಅಲ್ಲ. ಯಾಕೆ ಅಂತ ಗೊತ್ತಾಗ್ಬೇಕಂದ್ರೆ ಆ "ಜೀನ್" ಅನ್ನೋದು ಏನು ಅಂತ ಮೊದ್ಲು ಬಿಡಿಸ್ಕೋಬೇಕು, ನಿಮ್ಮನೇಲಿ ಅರ್ಧ ಭಯ ಅಲ್ಲೇ ಹುಟ್ಟಿರೋದು.

ತೈವಾನಲ್ಲಿ ಚುಂಗ್ ವೆನ್-ಹುಂಗ್ ಅಂತ ಒಬ್ರು ಚರ್ಮರೋಗ ತಜ್ಞರಿದಾರೆ. ಒಂದೇ ಮಾತ್ರೆ, ಸಾವಿರಾರು ಜನ ನುಂಗಿ ಆರಾಮಾಗಿರ್ತಾರೆ, ಯಾರೋ ಒಬ್ಬರಿಗೆ ಮಾತ್ರ ಮೈ ಸುಲಿಯುತ್ತೆ, ಯಾಕೆ? ಇದನ್ನೇ ಹುಡುಕ್ತಾ ಹೋದ್ರು. 2004ರಲ್ಲಿ ಅವ್ರ ತಂಡ ಕಾರ್ಬಮಜೆಪೀನಿಂದ ನಿಮ್ಮ ತಮ್ಮನ ಥರಾನೇ ಆದ 44 ಜನರ ರಕ್ತ ನೋಡಿದಾಗ 44 ಜನರಲ್ಲೂ ಎಚ್‌ಎಲ್‌ಎ-ಬಿ 15:02 ಅನ್ನೋ ಜೀನ್ ಮಾದರಿ ಸಿಕ್ತು. ಅದೇ ಮಾತ್ರೆ ತಗೊಂಡು ಏನೂ ಆಗದೇ ಇದ್ದ 101 ಜನರಲ್ಲಿ ಅದು ಇದ್ದಿದ್ದು ಮೂರೇ ಜನಕ್ಕೆ. ನೋಡಿ, ಆ ಮೂರು ಜನಕ್ಕೆ ಜೀನೂ ಇತ್ತು, ಮಾತ್ರೆನೂ ಹೊಟ್ಟೆಗೆ ಹೋಗಿತ್ತು, ಆದ್ರೂ ಏನೂ ಆಗಿರ್ಲಿಲ್ಲ. ಅಂದ್ರೆ ಇದು ಹಣೆಬರಹ ಅಲ್ಲ, ರಿಸ್ಕ್ ಅಷ್ಟೇ, ಅದೂ ಆ ಥರದ ಮಾತ್ರೆ ನುಂಗಿದ್ರೆ ಮಾತ್ರ.

ಎಚ್‌ಎಲ್‌ಎ ಅನ್ನೋದು ಎಲ್ಲರ ಮೈಲೂ ಇರೋ ವ್ಯವಸ್ಥೆ, ಜೀವಕೋಶ ತನ್ನೊಳಗೆ ಏನಿದೆ ಅಂತ ರಕ್ಷಣಾ ಕಣಗಳಿಗೆ ಗೇಟಲ್ಲಿ ಐಡಿ ಕಾರ್ಡ್ ತೋರಿಸೋ ಥರ. ಕೆಲವರ ಕಾರ್ಡಿಗೆ ಈ ಔಷಧಿ ಹೋಗಿ ಅಂಟ್ಕೊಳ್ಳುತ್ತೆ, ರಕ್ಷಣಾ ಕಣಗಳು ಇವನ್ಯಾರೋ ಶತ್ರು ಅಂತ ಸ್ವಂತ ಚರ್ಮದ ಮೇಲೇ ಬೀಳ್ತವೆ. 2008ರಲ್ಲಿ ಅದೇ ತಂಡ ರೋಗಿಗಳ ಚರ್ಮದ ಗುಳ್ಳೆಯ ನೀರು ತೆಗೆದು ನೋಡಿದ್ರೆ ಗ್ರಾನುಲೈಸಿನ್ ಅನ್ನೋ ಕೋಶ ಕೊಲ್ಲೋ ಪ್ರೋಟೀನ್ ಅದ್ರಲ್ಲಿ ತುಂಬ್ಕೊಂಡಿತ್ತು. ನಿಮ್ಮ ತಮ್ಮನ ಬೆನ್ನಲ್ಲಿ ನಡೆದಿದ್ದು ಇಂಥದ್ದೇ. ನಾಗಪ್ಪನ ಪಾತ್ರ ಇದ್ರಲ್ಲಿ ಇಲ್ಲ. ಕುಕ್ಕೆಗೆ ಹೋಗಿ ಅಮ್ಮನಿಗೆ ಸಮಾಧಾನ ಆಗಿದ್ರೆ ಒಳ್ಳೇದೇ, ನಂದೇನೂ ತಕರಾರಿಲ್ಲ.

ಹುಟ್ಟಿನಿಂದಲೇ ಬರೋ ಚರ್ಮದ ಕಾಯಿಲೆಗಳು ಬೇರೆ ಇವೆ, ಎಪಿಡರ್ಮೊಲೈಸಿಸ್ ಬುಲ್ಲೋಸಾ ಅಂತ ಒಂದಿದೆ, ಮಗುವಿನ ಚರ್ಮ ಸುಮ್ನೆ ಉಜ್ಜಿದ್ರೂ ಗುಳ್ಳೆ ಏಳುತ್ತೆ. ಅದ್ರ ಕೆಲವು ವಿಧಗಳಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬರ್ಬೇಕು, ನಮ್ಮಲ್ಲಿ ಸೋದರಮಾವನ್ನ, ಅತ್ತೆ ಮಗನ್ನ ಮದುವೆ ಆಗೋ ಕಡೆ ಅದಕ್ಕೆ ಚಾನ್ಸ್ ಜಾಸ್ತಿ. ಅಮ್ಮನ ಮನಸಲ್ಲಿ ಇರೋ "ವಂಶದ ಕಾಯಿಲೆ" ಅದು. ತಮ್ಮನದು ಆ ಗುಂಪಿಗೇ ಸೇರಲ್ಲ, ಆ ಮಾತ್ರೆ ಕೊಡದೇ ಇದ್ದಿದ್ರೆ ಅವನ ಚರ್ಮ ನಿಮ್ಮದರ ಥರಾನೇ ಇರ್ತಿತ್ತು.

ನಿಮಗೂ ಇರುತ್ತಾ? ಇರಬಹುದು. ತಮ್ಮನಲ್ಲಿ ಆ ಜೀನ್ ಇದ್ರೆ ನಿಮ್ಮಲ್ಲೂ ಇರೋ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕರ್ಧ, ನಿಮ್ಮಿಂದ ಮಕ್ಕಳಿಗೂ ಹಂಗೇ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಏಷ್ಯಾ ಮೂಲದವರಿಗೆ ಈ ಮಾತ್ರೆಗೆ ಮುಂಚೆ ಟೆಸ್ಟ್ ಮಾಡಿ ಅಂತ ಎಚ್ಚರಿಕೆ ಹಾಕಿಸ್ತು, ಭಾರತೀಯರೂ ಅದ್ರಲ್ಲಿ ಸೇರಿದ್ದಾರೆ. ತೈವಾನಲ್ಲಿ ಐದು ಸಾವಿರದ ಹತ್ತಿರ ಜನಕ್ಕೆ ಮೊದಲೇ ಟೆಸ್ಟ್ ಮಾಡಿ, ಜೀನ್ ಇದ್ದವ್ರಿಗೆ ಈ ಮಾತ್ರೆ ಬೇಡ ಅಂದ್ರು, ಒಬ್ಬರಿಗೂ ಸ್ಟೀವನ್ಸ್ ಜಾನ್ಸನ್ ಆಗ್ಲಿಲ್ಲ, 2011ರಲ್ಲಿ ಪ್ರಕಟ ಆಯ್ತು. ಹಂಗಂತ ನೀವು ನಾಳೆನೇ ಲ್ಯಾಬಿಗೆ ಓಡ್ಬೇಡಿ. ಟೆಸ್ಟ್ ನೆಗೆಟಿವ್ ಬಂದ್ರೂ ತಮ್ಮನ ಕಥೆ ಗೊತ್ತಿರೋ ಯಾವ ಡಾಕ್ಟ್ರೂ ನಿಮಗೆ ಕಾರ್ಬಮಜೆಪೀನ್ ಬರೆಯೋ ಮುಂಚೆ ಎರಡು ಸಲ ಯೋಚಿಸ್ತಾರೆ, ಬೇರೆ ಔಷಧಿಗಳಿವೆ. ಫಿಟ್ಸಿಗೆ ಮಾತ್ರ ಅಲ್ಲ, ಮುಖದ ನರದ ನೋವಿಗೂ ಮೂಡ್ ಏರಿಳಿತಕ್ಕೂ ಇದನ್ನ ಕೊಡ್ತಾರೆ, ಹತ್ತಾರು ಬ್ರ್ಯಾಂಡ್ ಹೆಸರಲ್ಲಿ ಸಿಗುತ್ತೆ, ಅದಕ್ಕೇ ಬ್ರ್ಯಾಂಡ್ ಅಲ್ಲ, ಔಷಧಿ ಹೆಸರು ನೆನಪಿಟ್ಕೊಳ್ಳಿ. ತಮ್ಮನ ಪರ್ಸಲ್ಲಿ ಒಂದು ಚೀಟಿ ಇರ್ಲಿ: ಕಾರ್ಬಮಜೆಪೀನ್ ಕೊಡಬಾರದು, ಇಂಥದ್ದೇ ರಿಯಾಕ್ಷನ್ ತರಬಹುದಾದ ಆಕ್ಸ್‌ಕಾರ್ಬಜೆಪೀನ್, ಫೆನಿಟಾಯಿನ್, ಫೀನೋಬಾರ್ಬಿಟಾಲ್, ಲ್ಯಾಮೋಟ್ರಿಜೀನ್ ಕೊಡೋ ಮುಂಚೆ ನರರೋಗ ತಜ್ಞರನ್ನ ಕೇಳಬೇಕು. ಈಗ ತಗೊಳ್ತಿರೋ ಮಾತ್ರೆ ಆ ಪಟ್ಟಿಲಿದ್ರೆ ಗಾಬರಿಯಾಗಿ ಅವನಾಗೇ ನಿಲ್ಲಿಸೋದು ಬೇಡ, ಫಿಟ್ಸ್ ಬರುತ್ತೆ, ಡಾಕ್ಟ್ರ ಹತ್ರನೇ ಮಾತಾಡ್ಲಿ. ಅವನಿಗಾದ ರಿಯಾಕ್ಷನ್ ಸರ್ಕಾರಕ್ಕೆ ವರದಿ ಆಗಿದ್ಯಾ ಕೇಳಿ, ಇಲ್ಲ ಅಂದ್ರೆ 1800-180-3024 ಅಂತ ಉಚಿತ ಸಹಾಯವಾಣಿ ಇದೆ, ರೋಗಿ ಕಡೆಯವ್ರೂ ವರದಿ ಮಾಡಬಹುದು.

ಈಗ ಮದುವೆ ವಿಷ್ಯ. ನಿಮ್ಮ ಪತ್ರದಲ್ಲಿ ನಂಗೆ ಚುಚ್ಚಿದ್ದು ಜೀನ್ ಅಲ್ಲ, ತಮ್ಮನ್ನ ಮಾವನ ಮನೆಗೆ ಕಳ್ಸೋ ಪ್ಲಾನು. ಅವನನ್ನ ಯಾರಾದ್ರೂ ಕೇಳಿದ್ರಾ? ಇಷ್ಟುದ್ದ ಪತ್ರದಲ್ಲಿ ಅವನು ಏನಂದ ಅಂತ ಒಂದು ಸಾಲೂ ಇಲ್ಲ. ಕಾಯಿಲೆ ಅವನದು, ಕಥೆನೂ ಅವನದೇ, ಮೊದ್ಲು ಅವನ ಹತ್ರ ಕೂತು "ಹುಡುಗನಿಗೆ ಹೇಳ್ತೀನಿ, ನಿಂಗೆ ಓಕೆನಾ, ಎಷ್ಟು ಹೇಳ್ಲಿ" ಅಂತ ಕೇಳಿ. ಆಮೇಲೆ ನಿಶ್ಚಿತಾರ್ಥಕ್ಕೆ ಮುಂಚೆನೇ ಹುಡುಗನಿಗೆ ನೀವೇ ಹೇಳಿ, ದಲ್ಲಾಳಿ ಮೂಲಕ ಬೇಡ, ಹಿರಿಯರ ಪಂಚಾಯ್ತಿಲೂ ಬೇಡ: "ನನ್ನ ತಮ್ಮನಿಗೆ ಫಿಟ್ಸ್ ಮಾತ್ರೆ ಆಗದೇ ಹಿಂಗಾಯ್ತು, ನಂಗೂ ಆ ಮಾತ್ರೆ ಆಗದೇ ಇರಬಹುದು, ಆಸ್ಪತ್ರೆಗೆ ಹೋದಾಗ ನೀವೂ ನೆನಪಿಟ್ಕೋಬೇಕು." ಇಷ್ಟೇ. ಮುಂದೆ ನೀವು ಪ್ರಜ್ಞೆ ಇಲ್ದೆ ಎಮರ್ಜೆನ್ಸಿಲಿ ಮಲಗಿದ್ರೆ ಡಾಕ್ಟ್ರಿಗೆ ಈ ಮಾತು ಹೇಳ್ಬೇಕಾಗಿರೋನು ಅವನೇ ತಾನೇ. ಇದನ್ನ ಕೇಳಿ ಓಡಿ ಹೋಗ್ತಾನೆ ಅಂದ್ರೆ ಹೋಗ್ಲಿ ಬಿಡಿ. ಮದುವೆ ಮನೇಲಿ ಯಾರೋ ನೆಂಟ್ರು ಕಲೆ ನೋಡಿ ಪಿಸುಗುಟ್ಟಿ ಗೊತ್ತಾಗೋದಕ್ಕಿಂತ ಇದು ವಾಸಿ.

ಅಮ್ಮನ ಮೇಲೆ ಕೋಪ ಮಾಡ್ಕೋಬೇಡಿ, ಮಗನ ಚರ್ಮ ಸುಲಿಯೋದನ್ನ ಕಣ್ಣಾರೆ ಕಂಡ ತಾಯಿ ಅವ್ರು. ಆದ್ರೆ ಬಿಪಿ ಮಾತ್ರೆ ಬಿಟ್ಟಿರೋದು ಈ ಮದುವೆಗಿಂತ ಅರ್ಜೆಂಟು. ಇಂಥ ರಿಯಾಕ್ಷನ್ ಹೆಚ್ಚಾಗಿ ಹೊಸ ಮಾತ್ರೆ ಶುರುವಾದ ನಾಲ್ಕು ದಿನದಿಂದ ನಾಲ್ಕು ವಾರದೊಳಗೆ ಬರೋದು, ವರ್ಷಗಟ್ಟಲೆ ನುಂಗಿ ಒಗ್ಗಿರೋ ಮಾತ್ರೆಯಿಂದ ಹಿಂಗೆ ಆಗೋದು ತೀರಾ ಅಪರೂಪ. ಈ ವಾರವೇ ಕರ್ಕೊಂಡು ಹೋಗಿ ಬಿಪಿ ಚೆಕ್ ಮಾಡಿಸಿ, ಡಾಕ್ಟ್ರಿಗೆ ತಮ್ಮನ ವಿಷ್ಯನೂ ಹೇಳಿ, ಮಾತ್ರೆ ಮತ್ತೆ ಶುರು ಮಾಡಿಸಿ.