ಹೈಸ್ಕೂಲ್ ಹುಡುಗಿಯರನ್ನು ಹಿಂಸೆಯ ಬಗ್ಗೆ ಕೇಳುವಾಗ ಅವರಿಗೆ ತೊಂದರೆ ಆಗದಂತೆ ನೋಡಿಕೊಳ್ಳುವುದು ಹೇಗೆ?

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಪ್ರಾಜೆಕ್ಟ್‌ಗಾಗಿ 14ರಿಂದ 17 ವರ್ಷದ ಹುಡುಗಿಯರನ್ನು ಮಾತಾಡಿಸಬೇಕು ಅಂದಿದ್ದೀರಿ. ಪ್ರಶ್ನೆಪಟ್ಟಿ ಆಮೇಲೆ ನೋಡೋಣ. "ನೀನು ಹೇಳಿದ್ದು ಯಾರಿಗೂ ಗೊತ್ತಾಗಲ್ಲ" ಅಂತ ಮಾತ್ರ ಮಾತು ಕೊಡಬೇಡಿ.

ನಾನು ಕೊಟ್ಟಿದ್ದೆ. ವಿಜಯಪುರ ಕಡೆಯ ಒಂದು ಹಳ್ಳಿ. ಹತ್ತನೇ ಕ್ಲಾಸಿನ ಹುಡುಗಿ ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಯಾರ ಮುಂದೂ ಹೇಳಂಗಿಲ್ಲಲ್ರಿ ಅಕ್ಕಾರ?" ಅಂದಳು. "ಇಲ್ಲವ್ವಾ" ಎಂದುಬಿಟ್ಟೆ. ಆಮೇಲೆ ಅವಳು ಹೇಳಿದ್ದು ಪೋಕ್ಸೊ ಕೆಳಗೆ ಬರುವ ವಿಷಯ. 2012ರ ಆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಶೋಧನೆ ಮಾಡುವವರಿಗೆ ಬೇರೆ ಕಾನೂನಿಲ್ಲ. ಇದನ್ನು ಹೇಳಿದಾಗ ಆ ಬೆರಳು ನಿಂತಿತು. ಆಮೇಲೆ ಅವಳು ನನ್ನ ಮುಖ ನೋಡಲಿಲ್ಲ.

ಈಗ ಶುರುವಿಗೇ ಹೇಳುತ್ತೇನೆ: "ಯಾರರ ನಿನ್ನ ಮೈ ಮುಟ್ಟಿ ತ್ರಾಸ ಕೊಟ್ಟಾರಂತ ಗೊತ್ತಾದ್ರ ನಾ ಸುಮ್ಮ ಇರಾಕ ಬರಂಗಿಲ್ಲ. ಹೇಳೂದು ಬಿಡೂದು ನಿನಗ ಬಿಟ್ಟದ್ದು." ಕೆಲವರು ಬಾಯಿ ಬಿಡುವುದಿಲ್ಲ. ನಿಮ್ಮ ಟೇಬಲ್‌ನಲ್ಲಿ ಸಂಖ್ಯೆ ಕಡಿಮೆಯಾಗುತ್ತದೆ. ಆಗಲಿ ಬಿಡಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಪೋಷಕರ ಸಹಿಯ ಜೊತೆ ಹುಡುಗಿಯ ಒಪ್ಪಿಗೆಯೂ ಬರವಣಿಗೆಯಲ್ಲಿ ಬೇಕು. ಹೆಡ್‌ಮಾಸ್ತರು "ಎಲ್ಲರೂ ಕೂತು ಬರೀರಿ" ಅಂದರೆ ಅದು ಒಪ್ಪಿಗೆ ಅಲ್ಲ. ಹೊಡೆಯುವವನು ಅಪ್ಪನೇ ಆಗಿದ್ದರೆ ಸಹಿ ಯಾರದ್ದು? ಇದನ್ನು ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಮುಂದೆ ಮೊದಲೇ ಇಡಿ.

ಊರಲ್ಲಿ "ಹಿಂಸೆ ಸರ್ವೆ" ಅನ್ನಬೇಡಿ, ಹುಡುಗಿಯರ ಆರೋಗ್ಯದ ಸರ್ವೆ ಅನ್ನಿ. ಒಂದು ಮನೆಯಿಂದ ಒಬ್ಬಳನ್ನೇ ಮಾತಾಡಿಸಿ. ಹಲವು ದೇಶಗಳಲ್ಲಿ ಮಕ್ಕಳ ಮೇಲಿನ ಹಿಂಸೆಯ ಸಮೀಕ್ಷೆ ಮಾಡುವಾಗ ಒಂದು ಊರಲ್ಲಿ ಹುಡುಗಿಯರನ್ನು ಮಾತ್ರ, ಇನ್ನೊಂದರಲ್ಲಿ ಹುಡುಗರನ್ನು ಮಾತ್ರ ಕೇಳುತ್ತಾರೆ. ತೊಂದರೆ ಕೊಟ್ಟವನಿಗೂ ಅದೇ ಪ್ರಶ್ನೆ ಹೋದರೆ, ಅವಳು ಏನು ಹೇಳಿರಬಹುದು ಅಂತ ಅವನಿಗೆ ಸುಳಿವು ಸಿಗುತ್ತದೆ ಅಲ್ವಾ? ಬಿಸಿಯೂಟ, ಬಸ್ಸಿನ ಬಗ್ಗೆ ಪ್ರಶ್ನೆಗಳಿರುವ ಇನ್ನೊಂದು ಹಾಳೆ ಕೈಯಲ್ಲಿರಲಿ. ಅಜ್ಜಿ ಬಂದು ಪಕ್ಕದಲ್ಲಿ ಕೂತರೆ ತಕ್ಷಣ ಅದಕ್ಕೆ ಬದಲಾಯಿಸಿ. ಹೀಗೆ ಮಾಡುತ್ತೀರಿ ಅಂತ ಹುಡುಗಿಗೂ ಮುಂಚೆಯೇ ಹೇಳಿರಿ.

ಮಕ್ಕಳ ಸಹಾಯವಾಣಿ 1098 ಕೊಡಲೇಬೇಕು. ಆದರೆ ಅದೊಂದೇ ನಂಬರ್ ಇರುವ ಚೀಟಿ ಪಾಟಿಚೀಲದಲ್ಲಿ ಸಿಕ್ಕರೆ ಅವಳಿಗೆ ಮತ್ತೆ ಹೊಡೆತ ಬೀಳಬಹುದು. ಆಂಬ್ಯುಲೆನ್ಸ್ 108, ಸ್ಕಾಲರ್‌ಶಿಪ್ ವಿಚಾರಿಸುವ ನಂಬರ್, ಇವುಗಳ ನಡುವೆ ಬರೆದು, ಕ್ಲಾಸಿನ ಎಲ್ಲ ಹುಡುಗಿಯರಿಗೂ ಅದೇ ಚೀಟಿ ಹಂಚಿ.