ಒಂದೇ ಬಗೆಯ ಹಾಸ್ಯಪಾತ್ರವನ್ನು ಬಿಟ್ಟುಬಿಡಲೇ ಎಂದು ಕೇಳಿದವರಿಗೆ

ಧಾರಾವಾಹಿಗಳಲ್ಲಿ ಹೆಂಡತಿಗೆ ಹೆದರುವ ಗಂಡನ ಪಾತ್ರವೇ ಮತ್ತೆ ಮತ್ತೆ ಬರುತ್ತಿದೆ, ನೋಡುವವರಿಗೆ ಬೇಸರ ಬಂದಂತಿದೆ, ಇನ್ನು ಅಂಥವನ್ನು ಒಪ್ಪದೆ ಬೇರೆ ಪಾತ್ರಕ್ಕಾಗಿ ಕಾಯಲೇ ಎಂದು ಕೇಳಿದ್ದೀರಿ. ನನಗೆ ಸಿನಿಮಾದಲ್ಲಿ ಬರುತ್ತಿದ್ದುದು ಕುಡುಕನ ಪಾತ್ರ. ಉಳಿದದ್ದೆಲ್ಲ ಹೆಚ್ಚುಕಡಿಮೆ ನಿಮ್ಮ ಕಥೆಯೇ.

ನಾನು ಬಂದದ್ದು ಕಂಪನಿ ನಾಟಕದಿಂದ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದ ಮುಂದೆ ಹಲವು ವಾರ ಕಂಪನಿಗಳು ಕ್ಯಾಂಪ್ ಹಾಕುತ್ತವೆ. ಒಂದೇ ನಾಟಕ, ಒಂದೇ ಪಾರ್ಟು, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಯೋಗ. ಬೇಸರ ಬರಬೇಕಾದದ್ದು ಅಲ್ಲಿ. ಆದರೆ ಜೊತೆಯ ಹಾಸ್ಯನಟಿ ನಿನ್ನೆ ಆಡದ ಒಂದು ಮಾತನ್ನು ಇಂದು ಎಸೆಯುತ್ತಿದ್ದಳು, ಮುಂದಿನ ಸಾಲಿನಿಂದ ಯಾರೋ ಒಬ್ಬರು ಅದಕ್ಕೆ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಕಿವಿಗೊಡದೆ ನಾನು ಅಲ್ಲಿ ಒಂದು ಕ್ಷಣವೂ ನಿಲ್ಲುವಂತಿರಲಿಲ್ಲ.

ಗಾಂಧಿನಗರಕ್ಕೆ ಬಂದ ಮೇಲೆ ಸಿಕ್ಕಿದ್ದು ಕಾಮಿಡಿ ಟ್ರ್ಯಾಕು. ಕಥೆಗೂ ಅದಕ್ಕೂ ಸಂಬಂಧವಿರುತ್ತಿರಲಿಲ್ಲ. ಒಂದೆರಡು ದಿನದ ಕಾಲ್‌ಶೀಟಿನಲ್ಲಿ ನಮ್ಮ ದೃಶ್ಯಗಳನ್ನೆಲ್ಲ ಬೇರೆಯಾಗಿಯೇ ಮುಗಿಸಿ ಕಳುಹಿಸುತ್ತಿದ್ದರು. ಅಂಥ ಒಂದು ಚಿತ್ರದಲ್ಲಿ ಮಾತ್ರ ಸಂಭಾಷಣೆ ಬರೆದವರು ತಲೆ ಓಡಿಸಿದ್ದರು. ನಾನು ಮಾಡಿದ ಕುಡುಕನ ಅಂಗಿಯ ಜೇಬನ್ನು, ಅದರಲ್ಲಿ ಹಣ ನಿಲ್ಲಬಾರದೆಂದು, ಅವನ ಹೆಂಡತಿ ಹೊಲಿದುಬಿಟ್ಟಿರುತ್ತಾಳೆ. ಅವನಿಗೆ ಅದು ಪ್ರತಿ ಸಲವೂ ಮರೆತುಹೋಗುತ್ತದೆ. ಮಾತಿನ ನಡುವೆ ಕೈ ಜೇಬಿಗೆ ಹೋಗಿ ಜಾರುತ್ತದೆ, ಅವನು ಜೇಬನ್ನೇ ದಿಟ್ಟಿಸಿ ನೋಡಿ, ‘ಇರಲಿ ಬಿಡು, ನಾಳೆ ನೋಡೋಣ’ ಎನ್ನುತ್ತಾನೆ. ಜನ ಬಿದ್ದು ಬಿದ್ದು ನಕ್ಕರು.

ಮುಂದಿನ ಚಿತ್ರದ ನಿರ್ದೇಶಕರು, ‘ಆ ಜೇಬಿನದನ್ನು ಇಲ್ಲೂ ಹಾಕಿಬಿಡಿ’ ಎಂದರು. ನಾನು ಹಾಕಿದೆ. ನನ್ನನ್ನು ಕೆಡಿಸಿದ್ದು ಇದೊಂದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಎರಡನೆಯ ಚಿತ್ರದಲ್ಲಿ ಹೆಂಡತಿಯೂ ಇರಲಿಲ್ಲ, ಹೊಲಿದ ಜೇಬೂ ಇರಲಿಲ್ಲ. ಮೊದಲ ಚಿತ್ರದಲ್ಲಿ ಕೈ ಜಾರಿದಾಗ ಜನರಿಗೆ ಕಂಡದ್ದು ಒಂದು ಸಂಸಾರ: ಗಂಡನ ಚಟ, ಹೆಂಡತಿಯ ಜಾಣತನ, ಅವನ ಮರೆವು, ಕೊನೆಗೆ ಅವನು ಸೋಲನ್ನು ಒಪ್ಪಿಕೊಳ್ಳುವ ರೀತಿ. ಎರಡನೆಯದರಲ್ಲಿ ಕಂಡದ್ದು ನಾನು ಮಾತ್ರ. ಆದರೂ ನಗು ಬಂತು. ಬಾರದೆ ಹೋಗಿದ್ದರೆ ನಾನು ಅಂದೇ ಎಚ್ಚೆತ್ತುಕೊಳ್ಳುತ್ತಿದ್ದೆನೇನೋ. ಗುರುತು ಹಿಡಿದ ಖುಷಿಗೆ ಜನ ನಕ್ಕದ್ದನ್ನು ನನ್ನ ಅಭಿನಯಕ್ಕೆ ನಕ್ಕರೆಂದು ತಿಳಿದೆ. ಅಲ್ಲಿಂದ ಮುಂದೆ ಪ್ರತಿ ದೃಶ್ಯದಲ್ಲೂ ಎದುರಿನವರು ಮಾತನಾಡುತ್ತಿರುವಾಗ ನಾನು ಕೇಳುತ್ತಿದ್ದುದು ಅವರ ಮಾತನ್ನಲ್ಲ, ಜೇಬಿಗೆ ಕೈ ಹಾಕಲು ಎಲ್ಲಿ ಜಾಗ ಸಿಗುತ್ತದೆ ಎಂಬುದನ್ನು. ಬನಶಂಕರಿಯಲ್ಲಿ ಕಲಿತದ್ದನ್ನು ನಾನು ಕಳೆದುಕೊಂಡದ್ದು ಹೀಗೆ, ಯಾರೂ ಕಸಿದುಕೊಳ್ಳದೆ.

ಆಮೇಲೆ ನೀವು ಈಗ ಕಾಯಬೇಕೆಂದಿರುವ ‘ಬೇರೆ ಪಾತ್ರ’ ನನಗೆ ಬಂತು. ಮಗಳ ಮದುವೆಗೆ ಮುಂಚೆ ಸಾಲದ ಗಡುವು ಮುಂದೂಡಿಸಿಕೊಳ್ಳಲು ಹೋಗುವ ಮೇಷ್ಟ್ರು. ಸಂಕಲನ ಮುಗಿಸಿ ನಾಲ್ಕಾರು ಜನರಿಗೆ ತೋರಿಸಿದಾಗ, ಸಾಲ ಕೊಟ್ಟವನ ಎದುರು ಮೇಷ್ಟ್ರು ‘ಇನ್ನೆರಡು ತಿಂಗಳು’ ಎನ್ನುವಲ್ಲಿ ಎಲ್ಲರೂ ನಕ್ಕುಬಿಟ್ಟರು. ಪರದೆಯ ಮೇಲೆ ನನ್ನ ಕೈ ಜೇಬಿಗೆ ಹೋಗಿತ್ತು. ಚಿತ್ರೀಕರಣದ ದಿನ ಅದು ನನಗೆ ಗೊತ್ತೇ ಆಗಿರಲಿಲ್ಲ. ಹಣದ ಮಾತು ಬಂದಾಗ ಯಾವ ಬಡ ಮೇಷ್ಟ್ರ ಕೈಯಾದರೂ ಜೇಬಿಗೆ ಹೋದೀತು, ಆದರೆ ಆ ಕೈ ನನ್ನದಾಗಿತ್ತು. ದೃಶ್ಯವನ್ನು ಕತ್ತರಿಸಿದರು, ಅಂಥ ಪಾತ್ರ ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ.

ಆದ್ದರಿಂದ, ಪಾತ್ರದ ಬಗೆಯೇ ನಟನನ್ನು ಹಳಸುತ್ತದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಹಿಂದಿನ ಹಾಸ್ಯನಟ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ; ಎದುರಿನವರ ತುಟಿಯ ಚಲನೆ ನೋಡಿ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು ಎನ್ನುತ್ತಾರೆ. ಅವರ ಯಾವ ದೃಶ್ಯವನ್ನಾದರೂ ಹಾಕಿಕೊಂಡು, ಅವರ ಮಾತಿಲ್ಲದ ಕಡೆಯಲ್ಲಿ ಅವರ ಕಣ್ಣನ್ನು ಮಾತ್ರ ನೋಡಿ. ನಗಿಸಿದ ಅದೇ ಮನುಷ್ಯ ಖಳನಾಗಿಯೂ ನಡೆದರು, 1972ರ ‘ಬಂಗಾರದ ಮನುಷ್ಯ’ದಲ್ಲಿ ರಾಚೂಟಪ್ಪನಾಗಿಯೂ ನಡೆದರು, ರಾಚೂಟಪ್ಪ ಬಂದಾಗ ಯಾರೂ ಹಳೆಯ ನಗೆಯನ್ನು ನೆನೆದು ನಗಲಿಲ್ಲ. ಶರಣ್ ಅವರಂತೂ ವರ್ಷಗಟ್ಟಲೆ ನಾಯಕನ ಗೆಳೆಯನಾಗಿದ್ದು 2012ರಲ್ಲಿ ‘ರ‍್ಯಾಂಬೋ’ದ ನಾಯಕರಾದಾಗಲೂ ಹಾಸ್ಯವನ್ನು ಬಿಡಲಿಲ್ಲ. ಬದಲಾದದ್ದು, ನಗುವಿನ ಸುತ್ತ ಇಡಿಯ ಒಂದು ಕಥೆ ಬಂದದ್ದು.

ಕಾಯುವ ವಿಚಾರ. ನೀವು ಒಲ್ಲೆ ಎಂದ ದಿನವೇ ಪ್ರೊಡಕ್ಷನ್ ಮ್ಯಾನೇಜರು ಇನ್ನೊಬ್ಬರಿಗೆ ಫೋನ್ ಮಾಡುತ್ತಾರೆ, ಹೆಂಡತಿಗೆ ಹೆದರುವ ಗಂಡಂದಿರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಕಣ್ಣಿಗೆ ಬೀಳದ ನಟನನ್ನು ಗಂಭೀರ ಪಾತ್ರಕ್ಕೆ ನೆನೆಯುವವರನ್ನು ನಾನಂತೂ ಕಂಡಿಲ್ಲ. ಉಮಾಶ್ರೀ ಅವರಿಗೆ ಸಿನಿಮಾದಲ್ಲಿ ದ್ವಂದ್ವಾರ್ಥದ ಹಾಸ್ಯವೇ ಹೆಚ್ಚಾಗಿ ಸಿಗುತ್ತಿದ್ದ ಕಾಲವಿತ್ತು. ಅವರು ಅದನ್ನು ಮಾಡಿದರು, ಜೊತೆಗೆ ರಂಗದ ಮೇಲೆ ‘ಒಡಲಾಳ’ದ ಸಾಕವ್ವನನ್ನೂ ಮಾಡಿದರು. ಮುಂದೆ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ಬಂದಾಗ ಸಿನಿಮಾ ಮಂದಿಗೆ ಆಶ್ಚರ್ಯವಾಗಿರಬಹುದು, ಸಾಕವ್ವನನ್ನು ನೋಡಿದ್ದವರಿಗೆ ಆಗಿರಲಾರದು. ನಿಮ್ಮ ಊರಿನಲ್ಲಿ ಒಂದು ಹವ್ಯಾಸಿ ತಂಡವಿದ್ದರೆ ವಾರದ ಕೊನೆಗೆ ಅಲ್ಲಿಗೆ ಹೋಗಿ ಎನ್ನುವುದಷ್ಟೇ ಈ ಬಗ್ಗೆ ನನ್ನ ಸಲಹೆ.

ಧಾರಾವಾಹಿಯಲ್ಲಿ ಮಾಡಬೇಕಾದದ್ದು ಬೇರೆ. ಎಲ್ಲರೂ ನಿಮ್ಮಿಂದ ಕೇಳಿ ಮಾಡಿಸುವ ಒಂದು ವರಸೆ ಖಂಡಿತ ಇರುತ್ತದೆ: ತೊದಲುವುದೋ, ಬೆವರು ಒರೆಸಿಕೊಳ್ಳುವುದೋ, ಬಾಗಿಲ ಹಿಂದೆ ಅಡಗುವುದೋ. ಮುಂದಿನ ಶೆಡ್ಯೂಲಿನಲ್ಲಿ ಅದನ್ನು ಬಿಡಿ. ಈ ಗಂಡ ಹೆದರುವುದು ಯಾವುದಕ್ಕೆ ಎಂದು ಸಂಭಾಷಣೆ ಬರೆಯುವವರನ್ನು ಕೇಳಿ. ಮುಚ್ಚಿಟ್ಟ ಸಾಲಕ್ಕೋ, ಹೋದ ಕೆಲಸಕ್ಕೋ, ತಾನು ಅವಳಿಗೆ ತಕ್ಕವನಲ್ಲ ಎಂಬ ಅಳುಕಿಗೋ. ಮೂರೂ ಬೇರೆ ಬೇರೆ ಗಂಡಂದಿರು. ನಿರ್ದೇಶಕರು ಹಳೆಯ ವರಸೆಯನ್ನೇ ಕೇಳಿದರೆ, ಈ ಸಂಚಿಕೆಯಲ್ಲಿ ಅದಕ್ಕೆ ಕಾರಣವೇನೆಂದು ವಿನಯದಿಂದಲೇ ವಿಚಾರಿಸಿ. ಕಾರಣ ಹೇಳಿದರೆ ಸಂತೋಷವಾಗಿ ಮಾಡಿ. ಹೇಳದಿದ್ದರೆ ಒಂದು ಟೇಕ್ ಅದಿಲ್ಲದೆ ತೆಗೆಯಲು ಕೇಳಿಕೊಳ್ಳಿ. ಸ್ವಲ್ಪ ಮುನಿಸಿಕೊಂಡಾರು. ಆ ಮುನಿಸನ್ನು ಆಗಲೇ ತಂದುಕೊಳ್ಳುವ ಧೈರ್ಯ ನನಗೆ ಇರಲಿಲ್ಲ.